ಬೀದಿಗೆಲ್ಲ ಬಾಯಿಪಾಠವಾಗಿದ್ದ ನಂಬರು

ಅವಳು ನನ್ನನ್ನು ನೋಡಲು ಬರುತ್ತಿರಲಿಲ್ಲ. ನಮ್ಮ ಮನೆಯ ವೈರ್‌ಲೆಸ್ ನೆಟ್ಟಿಗೆ ಬರುತ್ತಿದ್ದಳು. ನಡೆದದ್ದು ಇಷ್ಟೆ. ನನ್ನ ಸೊಸೆ ಇದನ್ನು ಮೆತ್ತಗೆ ಮಾಡಿ ಹೇಳಲು ನೋಡಿದಳು, "ಎರಡಕ್ಕೂ ಬರ್ತಿದ್ರು ಬಿಡಿ ಅತ್ತೆ" ಅಂತ. ಇಲ್ಲ. ಒಂದಕ್ಕೇ ಬರುತ್ತಿದ್ದಳು. ಆ ಒಂದು ನಾನಲ್ಲ.

ಅವಳು ಅಂದರೆ ನಮ್ಮ ಹಿಂದಿನ ಬೀದಿಯ ಮಿಲಿಟರಿಯವನ ಹೆಂಡತಿ. ಹುಲಿಕೆರೆ ಕಡೆಯವಳು. ಮದುವೆಯಾಗಿ ಅರಸೀಕೆರೆಗೆ ಬಂದಾಗ ಅವಳಿಗೆ ಇಪ್ಪತ್ತೋ ಇಪ್ಪತ್ತೊಂದೋ. ಅವಳು ಬಂದ ವರ್ಷವೇ ನಮ್ಮ ಮನೆಗೆ ಫೋನು ಬಂತು.

ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ತಿಪಟೂರಿನ ಧಾರಣೆ ಬೆಳಗಿನ ಹೊತ್ತಿಗೇ ತಿಳಿಯಬೇಕು ಅಂತ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು ಹಾಕಿಸಿದ ಫೋನು ಅದು. ನಡುಮನೆಯ ಕಿಟಕಿ ಪಕ್ಕದ ಗೂಡಿನಲ್ಲಿ ಇಟ್ಟೆವು. ಕಿಟಕಿಯ ಆಚೆ ಜಗಲಿ. ಫೋನಿನ ಮೇಲೆ ಹೊದಿಸಲು ನಾನೇ ಒಂದು ಕ್ರೋಷಾ ಬಟ್ಟೆ ಹೆಣೆದೆ.

ಬೀದಿಯಲ್ಲಿ ಅದೇ ಮೊದಲ ಫೋನು. ಒಂದು ವಾರವಾಗುವಷ್ಟರಲ್ಲಿ ಅದು ನಮ್ಮದಾಗಿ ಉಳಿಯಲಿಲ್ಲ. ಮಗಳನ್ನು ದೂರ ಕೊಟ್ಟವರು, ತಮ್ಮನನ್ನು ಹಾಸ್ಟೆಲಿಗೆ ಬಿಟ್ಟವರು ಎಲ್ಲರೂ ನಮ್ಮ ನಂಬರನ್ನು ತಮ್ಮದೇ ಎಂಬಂತೆ ಬರೆದುಕೊಟ್ಟರು. ಪಕ್ಕದಲ್ಲಿ ಪಿ.ಪಿ. ಅಂತ ಎರಡು ಅಕ್ಷರ ಹಾಕಿದರೆ ಮುಗಿಯಿತು. ಅಂದರೆ, ಈ ನಂಬರಿಗೆ ಮಾಡಿ, ಆ ಮನೆಯವರು ನಮ್ಮನ್ನು ಕರೆದುಕೊಡುತ್ತಾರೆ ಅಂತ. ನಮಗೆ ಕರೆಯೇ ಇಲ್ಲದ ಮದುವೆಗಳ ಲಗ್ನಪತ್ರಿಕೆಯ ಮೇಲೂ ನಮ್ಮ ನಂಬರು ಅಚ್ಚಾಯಿತು. ಯಾರೂ ಕೇಳಲಿಲ್ಲ. ನಾವೂ ಬೇಡ ಅನ್ನಲಿಲ್ಲ. ಫೋನಿರುವ ಮನೆಯವರು ಕರೆಯಬೇಕು, ಅದು ಆಗಿನ ರೀತಿ.

ಕರೆಯುವ ಕೆಲಸ ನನ್ನದು. ನಾನು ಓದಿದ್ದು ಹಾರನಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನ ತನಕ. ಆದರೆ ಗಂಟಲು ಗಟ್ಟಿ. ಜಗಲಿಯ ತುದಿಗೆ ನಿಂತು ಒಂದು ಸಲ ಕೂಗಿದರೆ ಆಚೆ ಬೀದಿಯಲ್ಲಿ ಬಾಗಿಲು ತೆಗೆಯುತ್ತಿತ್ತು. ಮಿಲಿಟರಿಯವನ ಹೆಂಡತಿಯನ್ನು ಕರೆಯಲು ಮಾತ್ರ ಹಿತ್ತಿಲ ಬಾಗಿಲಿಂದ ಇಳಿದು, ಎರಡು ಮನೆ ನಡುವಿನ ಸಂದಿ ದಾಟಿ, ಅವರ ಗೇಟಿನ ತನಕ ಹೋಗಬೇಕಿತ್ತು. ಅವಳ ಅತ್ತೆಗೆ ಕಿವಿ ಮಂದ. ನನ್ನ ಕೂಗು ಕೇಳಿದರೂ ಕೇಳಲಿಲ್ಲ ಅಂದುಬಿಡುತ್ತಿದ್ದಳು.

ಅವಳ ಗಂಡ ಭಾನುವಾರ ಬೆಳಿಗ್ಗೆ ಮಾಡುತ್ತಿದ್ದ. ಎಂಟು ಗಂಟೆ ಅಂದಿರುತ್ತಿದ್ದ. ಒಮ್ಮೊಮ್ಮೆ ಹತ್ತಾದರೂ ಬರುತ್ತಿರಲಿಲ್ಲ. ಅಲ್ಲಿ ಗಡಿಯ ಊರಿನಲ್ಲಿ ಒಂದೇ ಬೂತಂತೆ, ಸಾಲು ನಿಲ್ಲಬೇಕಂತೆ. ಅದಕ್ಕೇ ಅವಳು ಏಳೂವರೆಗೇ ಬಂದು ಜಗಲಿಯ ಮೇಲೆ ಕೂರುತ್ತಿದ್ದಳು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು.

"ಫೋನಲ್ಲಿ ಕೂದ್ಲು ಕಾಣಲ್ಲ ಕಣೇ," ಅಂತ ನಾನು ಹೇಳುತ್ತಿದ್ದೆ.

"ನನಗೆ ಗೊತ್ತಿಲ್ವಾ ಅಕ್ಕ," ಅನ್ನುತ್ತಿದ್ದಳು. ಮುಂದಿನ ಭಾನುವಾರ ಮತ್ತೆ ಹಾಗೇ ಬರುತ್ತಿದ್ದಳು.

ಸುಮ್ಮನೆ ಕೂತವರನ್ನು ಕಂಡರೆ ನನಗೆ ಆಗದು. ಅವಳ ಮುಂದೆ ಒಂದು ಮೊರ ಇಡುತ್ತಿದ್ದೆ. ಹುರುಳಿಕಾಯಿ ಇದ್ದರೆ ನಾರು ತೆಗೆಯುವುದು, ಅಕ್ಕಿ ಇದ್ದರೆ ಆರಿಸುವುದು. ಮಾಗಿಯಲ್ಲಿ ಅವರೆಕಾಳು. ರಾತ್ರಿ ನೆನೆಹಾಕಿದ ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಬಿಟ್ಟು ಬೇಳೆ ಪಟ್ಟನೆ ಹಾರುತ್ತದೆ. ಒಬ್ಬರೇ ಹಿಸುಕಿದರೆ ಬೆಳಗೆಲ್ಲ ಅದೇ ಆಗುತ್ತದೆ. ಇಬ್ಬರಾದರೆ ಮಾತಾಡುತ್ತಾ ಮುಗಿಯುತ್ತದೆ. ಅವಳು ಹಿಸುಕಿದ್ದು ಒಮ್ಮೆ ಹಾರಿ ನಮ್ಮ ಯಜಮಾನರ ಕಾಫಿ ಲೋಟಕ್ಕೆ ಬಿತ್ತು. ಅವರು ಅದನ್ನು ತೆಗೆದು ಪಕ್ಕಕ್ಕಿಟ್ಟು ಕಾಫಿ ಕುಡಿದರು. ಅವಳು ಸೆರಗು ಬಾಯಿಗೆ ತುಂಬಿಕೊಂಡು ನಕ್ಕಳು.

ಆ ಹೊತ್ತಿನಲ್ಲಿ ಅವಳು ಹೇಳಿದ್ದೆಲ್ಲ ನನಗೆ ಇವತ್ತಿಗೂ ನೆನಪಿದೆ. ಹುಲಿಕೆರೆಯ ಕಲ್ಯಾಣಿಯ ಮೆಟ್ಟಿಲಿಳಿಯುವಾಗ ಅವಳ ತಂಗಿ ಜಾರಿ ಹಲ್ಲು ಮುರಿದುಕೊಂಡದ್ದು. ಗಂಡನ ಮುಖ ಒಂದೊಂದು ದಿನ ನೆನಪಿಗೆ ಬರುವುದೇ ಇಲ್ಲ ಅಂತ ಹೆದರಿ, ಮದುವೆಯ ಫೋಟೋವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡು ನೋಡುವುದು. ಹಾಗೆ ನನ್ನ ಹತ್ತಿರ ನನ್ನ ತಂಗಿಯೂ ಮಾತಾಡಿದವಳಲ್ಲ. ನನಗೆ ಹೆಣ್ಣುಮಕ್ಕಳಿಲ್ಲ. ಅದನ್ನು ದೊಡ್ಡದು ಮಾಡುವುದಿಲ್ಲ, ಇದ್ದದ್ದು ಹೇಳಿದೆ.

ಫೋನು ರಿಂಗಾದರೆ ಮೊರ ಅಲ್ಲೇ ಬಿಟ್ಟು ಒಳಗೆ ಓಡುತ್ತಿದ್ದಳು. ಮಾತು ಮೂರು ನಿಮಿಷ. ಅಷ್ಟರಲ್ಲಿ ಜಂಕ್ಷನ್ನಿಗೆ ರೈಲು ಬಂದು ಕೂಗಿಬಿಟ್ಟರೆ ಅದರಲ್ಲೂ ಅರ್ಧ ಹೋಯಿತು. ಆಮೇಲೆ ಬಂದು ಉಳಿದ ಕಾಳು ಹಿಸುಕಿ, "ಬತ್ತೀನಿ ಅಕ್ಕ" ಅಂತ ಹೋಗುತ್ತಿದ್ದಳು.

ಹೀಗೆ ಹತ್ತು ವರ್ಷ. ಮಧ್ಯೆ ಅವಳಿಗೊಂದು ಹೆಣ್ಣುಮಗು ಆಯಿತು. ನಮ್ಮ ಯಜಮಾನರು ಹೋದರು. ಆಮೇಲೆ ಮೊಬೈಲು ಬಂತು. ಮೊದಲು ಬೀದಿಗೊಂದು, ಆಮೇಲೆ ಮನೆಗೊಂದು. ಯಾರೂ ನಮ್ಮ ಜಗಲಿ ಹತ್ತುವುದು ಬೇಡವಾಯಿತು. ಅವಳ ಗಂಡ ಪೆನ್ಷನ್ ತೆಗೆದುಕೊಂಡು ಬಂದು ಎರಡು ವರ್ಷ ಊರಲ್ಲಿದ್ದ. ಸುಮ್ಮನಿರಲಾರದೆ ಕುವೈತಿಗೆ ಕಾವಲಿನ ಕೆಲಸಕ್ಕೆ ಹೋದ. ಅವಳು ಸಂತೆಯಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಅಕ್ಕ" ಅನ್ನುತ್ತಿದ್ದಳು. ನಾನು "ಊಂ ಕಣೇ" ಅನ್ನುತ್ತಿದ್ದೆ. ಸಂತೆಯಲ್ಲಿ ಅದಕ್ಕಿಂತ ಹೆಚ್ಚು ಏನು ಮಾತಾಡಲಾಗುತ್ತದೆ? ಮಾಗಿಯಲ್ಲಿ ಅವರೆಕಾಳನ್ನು ನಾನೊಬ್ಬಳೇ ಹಿಸುಕುತ್ತಿದ್ದೆ. ಸೊಸೆ ಹೈಸ್ಕೂಲ್ ಟೀಚರು, ಅವಳಿಗೆ ಪುರಸೊತ್ತಿಲ್ಲ. ಕೆಲವು ವರ್ಷ ಮಾಡುವುದನ್ನೇ ಬಿಟ್ಟೆ.

ಆಮೇಲೆ ಸೊಸೆಯ ಲ್ಯಾಪ್‌ಟಾಪಿಗೆ ಬೇಕು ಅಂತ ಅದೇ ಫೋನಿನ ವೈರಿಗೆ ಇಂಟರ್‌ನೆಟ್ ಹಾಕಿಸಿದರು. ಒಂದು ಬಿಳಿ ಡಬ್ಬಿ, ಅದಕ್ಕೊಂದು ಕೊಂಬು, ಮಿಣಮಿಣ ಅನ್ನುವ ನಾಲ್ಕು ಹಸಿರು ದೀಪ. ರೂಟರ್ ಅಂತ ಅದರ ಹೆಸರು. ಅದನ್ನೂ ಅದೇ ಗೂಡಿನಲ್ಲಿ, ಅದೇ ಕ್ರೋಷಾ ಬಟ್ಟೆಯ ಮೇಲೆ ಇಟ್ಟರು. ವೈರಿಲ್ಲದೆ ಮನೆಯಲ್ಲಿ ಎಲ್ಲಿ ಕೂತರೂ ಸಿಗುತ್ತದೆ ಅಂದರು. ಅದಕ್ಕೊಂದು ಬೀಗದಂಥದ್ದು ಹಾಕಬೇಕು, ಬೇರೆಯವರು ಬಳಸಬಾರದು ಅಂದರು.

"ಯಾವ ಪಾಸ್‌ವರ್ಡ್ ಇಡೋಣ? ಮರೆತುಹೋಗಬಾರದು," ಅಂದ ಮಗ.

"ನಮ್ಮ ಫೋನ್ ನಂಬರೇ ಇಡೋ. ಅದು ಯಾರಿಗೆ ಮರೆಯತ್ತೆ?" ಅಂದವಳು ನಾನು.

ಅವನು ಹಾಗೇ ಮಾಡಿದ. ಬರೀ ನಂಬರು ಚಿಕ್ಕದಾಯಿತು ಅಂತ ಮುಂದೆ ಊರಿನ ಎಸ್‌ಟಿಡಿ ಕೋಡನ್ನೂ ಸೇರಿಸಿದ. ಅದು ಯಾರಿಗೂ ಮರೆತಿಲ್ಲ ಅನ್ನುವುದೇ ತೊಂದರೆ ಅಂತ ಆಗ ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಜಗಲಿಗೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು.

"ಏನೇ, ದಾರಿ ತಪ್ಪಿ ಬಂದ್ಯಾ?"

"ಮನೇಲಿ ಸೆಕೆ ಅಕ್ಕ. ನಿಮ್ಮ ಜಗಲೀಲಿ ಗಾಳಿ ಐತೆ."

ಗಂಡ ಕಳಿಸಿದ ದೊಡ್ಡ ಮೊಬೈಲು ಕೈಯಲ್ಲಿತ್ತು. ಕಿವಿಗೆ ಒಂದು ವೈರು. ಹಾಡು ಕೇಳುತ್ತಾಳೆ ಅಂದುಕೊಂಡೆ. ಮಾರನೆಯ ದಿನವೂ ಬಂದಳು. ಅದರ ಮಾರನೆಯ ದಿನವೂ. ಮೂರಕ್ಕೆ ಬಂದರೆ ನಾಲ್ಕೂವರೆ ತನಕ ಕಿಟಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ನಾನು ಊಟವಾದ ಮೇಲೆ ಮಲಗುವುದನ್ನು ಬಿಟ್ಟೆ. ಎರಡೂಮುಕ್ಕಾಲಿಗೇ ಮುಖ ತೊಳೆದು, ಜಗಲಿ ಗುಡಿಸಿ, ಚಾಪೆ ಹಾಕಿಬಿಡುತ್ತಿದ್ದೆ.

ಮಾತಾಡುತ್ತಿದ್ದವಳು ನಾನೇ. ಯಜಮಾನರು ಕೊನೆಯ ಹದಿನೈದು ದಿನ ಹಾಸನದ ಆಸ್ಪತ್ರೆಯಲ್ಲಿ ಹೇಗಿದ್ದರು ಅನ್ನುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ. ಅವಳು "ಹೂಂ" ಅನ್ನುತ್ತಿದ್ದಳು. ನಡುನಡುವೆ "ಅಯ್ಯೋ" ಅಂದಳು. ಒಂದು ಸಲ ನಕ್ಕಳು. ನಗುವಂಥದ್ದೇನೂ ನಾನು ಹೇಳಿರಲಿಲ್ಲ. ಆಗಲೇ ತಿಳಿಯಬೇಕಿತ್ತು. ತಿಳಿಯುವುದು ಬೇಕಿರಲಿಲ್ಲ ನನಗೆ.

ನನ್ನ ಮಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಒಂದು ದಿನ ಕಚೇರಿಯಿಂದ ಪೇಪರ್ ಹಿಡಿದು ಬಂದ. ಯಾವುದೋ ಊರಲ್ಲಿ ಯಾರೋ ಇನ್ನೊಬ್ಬರ ಮನೆಯ ವೈರ್‌ಲೆಸ್ ಕದ್ದು ಬೆದರಿಕೆ ಕಳಿಸಿದ್ದರಂತೆ. ಪೊಲೀಸರು ಬಂದದ್ದು ಆ ಮನೆಯವರ ಬಾಗಿಲಿಗೆ. ಕದ್ದವನು ಯಾರೋ, ವಿಚಾರಣೆಗೆ ಕೂತವನು ಯಾರೋ.

"ನಂದು ಸರ್ಕಾರಿ ಕೆಲಸ ಅಮ್ಮ. ಇಂಥದ್ದರಲ್ಲಿ ಹೆಸರು ಬಂದ್ರೆ ಸಾಕು, ಸಸ್ಪೆಂಡ್ ಮಾಡಿ ಆಮೇಲೆ ಮಾತಾಡ್ತಾರೆ," ಅಂದ. ನೆಟ್ಟು ಮಧ್ಯಾಹ್ನ ಬಹಳ ನಿಧಾನ ಅಂತ ಸೊಸೆಯೂ ಸೇರಿಸಿದಳು.

ಎರಡನೇ ಶನಿವಾರ ರಜೆಯಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನನ್ನು ಕರೆಸಿದ. ಹೊಟ್ಟೆ ದಪ್ಪಗಿನ ಗಂಡಸು. ಸೊಸೆಯ ಲ್ಯಾಪ್‌ಟಾಪ್ ತೆಗೆದು ಟೇಬಲ್ಲಿನ ಮೇಲಿಟ್ಟುಕೊಂಡ. ಆಗ ಮೂರೂಕಾಲು. ಅವಳು ಹೊರಗೆ ಜಗಲಿಯಲ್ಲಿದ್ದಳು. ನಾನು ಅವರಿಗೆ ಕಾಫಿ ಕೊಡಲು ಒಳಗೆ ಬಂದಿದ್ದೆ.

"ಮನೇಲಿ ಎಷ್ಟು ಕಂಪ್ಯೂಟರಿದೆ ಸಾರ್?"

"ಇದೊಂದೇ."

"ಇಲ್ಲಿ ಎರಡು ತೋರಿಸ್ತಾ ಇದೆ. ಇನ್ನೊಂದು ಈಗಲೂ ಓಡ್ತಾ ಇದೆ. ಪಾಸ್‌ವರ್ಡ್ ಏನಿಟ್ಟಿದೀರಿ?"

ಮಗ ಹೇಳಿದ. ಆತ ಕಾಫಿ ಕೆಳಗಿಟ್ಟ.

"ಲ್ಯಾಂಡ್‌ಲೈನ್ ನಂಬರಾ? ಸಾರ್, ಈ ನಂಬರು ನಮ್ಮತ್ತೆ ಮನೆ ಕ್ಯಾಲೆಂಡರ್ ಮೇಲೂ ಬರೆದಿದೆ. ನಮ್ಮ ನಿಶ್ಚಿತಾರ್ಥದ ಮಾತುಕತೆ ಆಗಿದ್ದೇ ನಿಮ್ಮ ಫೋನಲ್ಲಿ. ಬೀದಿಗೆಲ್ಲ ಬೀಗದ ಕೈ ಹಂಚಿಟ್ಟು ಬೀಗ ಹಾಕಿದೀರಲ್ಲ."

ಮಗ ನನ್ನ ಕಡೆ ನೋಡಿದ. ನಾನು ಲೋಟ ನೋಡಿದೆ.

ಆತ ಒಂದೊಂದೇ ಹೇಳುತ್ತಾ ಮಾಡಿದ. ಡಬ್ಬಿಯ ಒಳಗೆ ಹೋಗಲು ಇನ್ನೊಂದು ಪಾಸ್‌ವರ್ಡ್ ಇರುತ್ತದಂತೆ, ಕಂಪನಿಯವರು ಇಟ್ಟದ್ದೇ ಹಾಗೇ ಇತ್ತು, ಅದು ಊರಿಗೆಲ್ಲ ಒಂದೇ. ಮೊದಲು ಅದನ್ನು ಬದಲಾಯಿಸಿದ. ಬೀಗದ ಜಾತಿಯೂ ಹಳೆಯದಂತೆ, ಮುರಿಯುವುದು ಸುಲಭ ಅಂತ ಹೊಸದು ಹಾಕಿದ. ಆಮೇಲೆ, ಮನೆಯ ಯಂತ್ರಗಳದ್ದೇ ಒಂದು ಪಟ್ಟಿ ಮಾಡಿ, ಅದರಲ್ಲಿ ಇದ್ದವನ್ನು ಮಾತ್ರ ಒಳಗೆ ಬಿಡುವಂತೆ ಮಾಡಿದ. ಕಡೆಗೆ ಹೊಸ ಪಾಸ್‌ವರ್ಡ್. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಕಲಸಿ ಏನೋ ಬರೆದ.

"ಹೊಡೀತೀನಿ ನೋಡಿ ಈಗ," ಅಂತ ಒಂದು ಗುಂಡಿ ಒತ್ತಿದ. ಡಬ್ಬಿಯ ದೀಪಗಳು ಆರಿ, ಒಂದೊಂದಾಗಿ ಮತ್ತೆ ಹತ್ತಿದವು.

ನಾನು ಕಿಟಕಿಯ ಪಕ್ಕ ನಿಂತಿದ್ದೆ. ಹೊರಗೆ ಅವಳು ಮೊಬೈಲನ್ನು ಎತ್ತಿ ನೋಡಿದಳು. "ಹಲೋ," ಅಂದಳು. "ರೀ, ಕೇಳ್ತಾ ಐತಾ? ಹಲೋ." ಮೊಬೈಲನ್ನು ಅಲ್ಲಾಡಿಸಿದಳು. ಎದ್ದು ಕಿಟಕಿಗೆ ಇನ್ನೂ ಹತ್ತಿರ ಬಂದು ಹಿಡಿದಳು. ಕಿಟಕಿಯ ಈಚೆ ನಾನು, ಆಚೆ ಅವಳು, ನಡುವೆ ಸರಳು.

ಹತ್ತು ವರ್ಷ ಅವಳ ಆ "ಹಲೋ" ಕೇಳಿದವಳು ನಾನು. ಅದು ಯಾರಿಗೆ ಹೇಳುವ ಹಲೋ ಅಂತ ನನಗೆ ಬೇರೆಯವರು ತಿಳಿಸಬೇಕಿರಲಿಲ್ಲ.

ಹೊರಗೆ ಹೋದೆ.

"ಅಕ್ಕ, ನಿಮ್ಮ ನೆಟ್ ಹೋಯ್ತಾ?" ಅಂದಳು. ಅಂದ ಮೇಲೆ ಅವಳಿಗೇ ಗೊತ್ತಾಯಿತು, ಏನು ಹೇಳಿಬಿಟ್ಟೆ ಅಂತ.

"ಹೋಗಿಲ್ಲ. ಬೀಗ ಬದ್ಲಾಯ್ತು."

ಅವಳು ವೈರನ್ನು ಕಿವಿಯಿಂದ ತೆಗೆದು ಬೆರಳಿಗೆ ಸುತ್ತಿಕೊಂಡಳು. "ಕುವೈತಿಗೆ ಮೊಬೈಲಲ್ಲಿ ಮಾತಾಡಿದ್ರೆ ನಾಕು ಮಾತಿಗೇ ಮುಗೀತದೆ ಅಕ್ಕ. ನೆಟ್ಟಲ್ಲಾದ್ರೆ ಎಷ್ಟೊತ್ತಾದ್ರೂ ಮಾತಾಡಬೌದು. ಅವರ ಊಟದ ಟೈಮು ನಮ್ಮ ಮೂರು ಗಂಟೆಗೆ. ನಿಮ್ಮ ಜಗಲೀಲಿ ಕೂತಾಗ ಮೊಬೈಲಲ್ಲಿ ನಿಮ್ಮ ನೆಟ್ಟು ಕಾಣಿಸ್ತು, ಪಕ್ಕದಲ್ಲಿ ಬೀಗದ ಗುರ್ತು. ನನಗೆ ಗೊತ್ತಿರೋದು ಒಂದೇ ನಂಬರು. ಕೋಡ್ ಸೇರಿಸಿ ಅವರಿಗೆ ಕಾಗದದಲ್ಲಿ ಬರೆದು ಕಳಿಸ್ತಿದ್ದೆನಲ್ಲ, ಅದನ್ನೇ ಹಾಕಿದೆ. ತೆಗೀತು."

"ನನ್ನ ಕೇಳಬಾರದಾಗಿತ್ತಾ?"

"ಮೊದಲು ಯಾವತ್ತೂ ಕೇಳಿರ್ಲಿಲ್ವಲ್ಲ ಅಕ್ಕ."

ಅದು ನಿಜ. ಮೊದಲು ಯಾರೂ ಕೇಳುತ್ತಿರಲಿಲ್ಲ.

"ಇಷ್ಟು ದಿನ ನಾನು ಹೇಳಿದ್ದೆಲ್ಲ ನಿನ್ನ ಕಿವಿಗೆ ಬಿತ್ತಾ?" ಅಂತ ಕೇಳಿದೆ.

ಅವಳು ಬೆರಳಿಗೆ ಸುತ್ತಿದ್ದ ವೈರನ್ನು ಬಿಚ್ಚಿದಳು. ಸುಳ್ಳು ಹೇಳದೆ ಇದ್ದದ್ದು ಒಳ್ಳೆಯದಾಯಿತು. ಚಪ್ಪಲಿ ಮೆಟ್ಟಿಕೊಂಡು ಹೋದಳು. "ಬತ್ತೀನಿ" ಅನ್ನಲಿಲ್ಲ.

ಮರುದಿನ ಮೂರಕ್ಕೆ ನಾನು ಚಾಪೆ ಹಾಕಲಿಲ್ಲ. ಅದರ ಮರುದಿನ ಹಾಕಿದೆ. ಗೊತ್ತಿದ್ದೂ ಹಾಕಿದೆ. ಗೋಡೆಯಲ್ಲಿ ಅವಳು ಒರಗುತ್ತಿದ್ದ ಕಡೆ ಸುಣ್ಣ ಸ್ವಲ್ಪ ಮಾಸಿತ್ತು. ಅದನ್ನು ನೋಡಿಕೊಂಡು ಎಷ್ಟು ಹೊತ್ತು ಅಂತ ಕೂರುವುದು? ಒಳಗೆ ಬಂದು ಮಲಗಿದರೆ ನಿದ್ದೆ ಇಲ್ಲ. ಮೂರರ ಹೊತ್ತಿಗೆ ಜಂಕ್ಷನ್ನಿಗೆ ಬರುವ ಗಾಡಿ ಕೂಗಿದರೆ ಎದ್ದು ಕೂರುತ್ತಿದ್ದೆ. ಹೀಗೆ ಹದಿನಾಲ್ಕು ದಿನ.

ಅವಳ ಮೇಲೆ ಸಿಟ್ಟಿತ್ತು. ಯೋಚಿಸಿದರೆ ಸಿಟ್ಟು ನಿಲ್ಲಲಿಲ್ಲ. ಮೊದಲಾದರೂ ಅವಳು ಬರುತ್ತಿದ್ದದ್ದು ಫೋನಿಗೇ. ನನಗಾಗಿ ಬಂದಳು ಅಂತ ಆಗ ನಾನು ಒಂದು ದಿನವೂ ಅಂದುಕೊಂಡವಳಲ್ಲ. ಫೋನು ಬರುವ ತನಕ ಕಾಯಬೇಕಿತ್ತು, ಆ ಕಾಯುವ ಹೊತ್ತು ನನ್ನ ಪಾಲಿಗೆ ಬರುತ್ತಿತ್ತು. ಈ ಡಬ್ಬಿಯಲ್ಲಿ ಕಾಯುವ ಹೊತ್ತೇ ಇಲ್ಲ. ಕೂತ ಕೂಡಲೇ ಸಿಗುತ್ತದೆ, ಅದಕ್ಕೆ ನನಗೇನೂ ಮಿಗಲಿಲ್ಲ. ಇದರಲ್ಲಿ ಅವಳ ತಪ್ಪೇನು? ನನಗೆ ಬೇಕಾಗಿದ್ದದ್ದು ಅವಳು ಜಗಲಿಯಲ್ಲಿರುವುದು. ಮಾತು ಕಿವಿಗೆ ಬೀಳದಿದ್ದರೂ ಆಗುತ್ತಿತ್ತು. ಹಾಗಂತ ಒಪ್ಪಿಕೊಳ್ಳಲು ಹದಿನಾಲ್ಕು ದಿನ ಬೇಕಾಯಿತು.

ಆ ದಿನ ಸಂತೆಯಿಂದ ಸೊಸೆ ಅವರೆಕಾಯಿ ತಂದಿದ್ದಳು. ಸೊಗಡಿನ ಕಾಯಿ, ಚೀಲ ಬಿಚ್ಚಿದರೆ ಮನೆಯೆಲ್ಲ ವಾಸನೆ. ಸಂಜೆ ಬಿಡಿಸುತ್ತಾ ಕೂತು ಮಗನಿಗೆ ಹೇಳಿದೆ.

"ಆ ಡಬ್ಬಿ ಪಟ್ಟಿಗೆ ಇನ್ನೊಂದು ಸೇರಿಸೋಕೆ ಆಗತ್ತಾ?"

"ಯಾರದು?"

"ಹಿಂದಿನ ಬೀದಿಯವಳದು."

"ಅವರೇನಮ್ಮ ಬಳಸ್ತಿದ್ದಿದ್ದು? ಮತ್ತೆ ಅವರಿಗೇ ಕೊಡಬೇಕಾ? ನಾಳೆ ಏನಾದ್ರೂ ಆದ್ರೆ ಕಚೇರೀಲಿ ಉತ್ತರ ಕೊಡೋನು ನಾನು."

"ಕುವೈತಲ್ಲಿ ಗಂಡ ಊಟಕ್ಕೆ ಏನು ತಿಂದ ಅಂತ ಕೇಳಿದ್ರೆ ಯಾವ ಪೊಲೀಸ್ನೋನು ಬತ್ತಾನೋ? ಚಿಕ್ಕಂದಿನಲ್ಲಿ ನಿನಗೆ ಜ್ವರ ಬಂದಾಗ ಆಸ್ಪತ್ರೆಗೆ ಎತ್ಕೊಂಡು ಓಡಿದೋಳು ಅವಳು. ಆಗ ನಿನಗೆ ಅವಳು ಕಳ್ಳಿ ಆಗಿರ್ಲಿಲ್ಲ."

ಮಗ ಸೊಸೆಯ ಮುಖ ನೋಡಿದ. ಸೊಸೆ ಅವರೆಕಾಯಿ ನೋಡುತ್ತಾ, "ಮಧ್ಯಾಹ್ನ ನಾನು ಸ್ಕೂಲಲ್ಲಿರ್ತೀನಿ, ನನಗೇನೂ ನಿಧಾನ ಆಗಲ್ಲ ಬಿಡಿ," ಅಂದಳು. ಮೊದಲು ನಿಧಾನ ಅಂದವಳೂ ಅವಳೇ.

"ಪಾಸ್‌ವರ್ಡ್ ಬಾಯಲ್ಲಿ ಹೇಳಲ್ಲ," ಅಂದ ಮಗ. "ಬೇರೆ ಯಾರಿಗೂ ಕೊಡಕೂಡದು, ನೀನೂ ಕೇಳಕೂಡದು. ಅವರ ಮೊಬೈಲ್ ತರಲಿ. ನಾನೇ ಹೊಡೆದು ಪಟ್ಟಿಗೆ ಹಾಕ್ತೀನಿ. ಅದೊಂದಕ್ಕೇ."

"ಸಾಕು," ಅಂದೆ. ಮಲಗುವ ಮುಂಚೆ ಕಾಳನ್ನು ನೀರಿಗೆ ಹಾಕಿದೆ, ಇಬ್ಬರಿಗಾಗುವಷ್ಟು.

ಮರುದಿನ ಭಾನುವಾರ. ಎರಡೂಮುಕ್ಕಾಲಿಗೇ ಜಗಲಿ ಗುಡಿಸಿ ಚಾಪೆ ಹಾಕಿದೆ. ನೆನೆದ ಕಾಳಿನ ಪಾತ್ರೆ ತಂದಿಟ್ಟು ಪಕ್ಕದಲ್ಲಿ ಎರಡು ತಟ್ಟೆ ಇಟ್ಟೆ. ಹಿತ್ತಿಲ ಬಾಗಿಲಿಂದ ಇಳಿದು, ಸಂದಿ ದಾಟಿ, ಅವರ ಗೇಟಿನ ಮುಂದೆ ನಿಂತೆ. ಈಗ ಮಂಡಿ ನೋವು, ಮೊದಲಿನ ಹಾಗೆ ನಡೆಯಲಾಗುವುದಿಲ್ಲ. ಗಂಟಲು ಮಾತ್ರ ಹಾಗೇ ಇದೆ. ಮೊದಲು ಕೂಗುತ್ತಿದ್ದ ಹಾಗೆಯೇ ಕೂಗಿದೆ.

"ಬಾರೇ, ನಿನ್ನ ಮೊಬೈಲ್ ತಗೊಂಡ್ ಬಾ. ನನ್ನ ಮಗ ಬೀಗ ತೆಗೆದುಕೊಡ್ತಾನಂತೆ. ಮೊದ್ಲು ಮಾತಾಡಿ ಮುಗಿಸು, ಆಮೇಲೆ ಕಾಳಿಗೆ ಕೈ ಹಾಕು. ಒದ್ದೆ ಕೈಲಿ ಅದನ್ನ ಮುಟ್ಟಬಾರದಂತೆ."